ಹುಬ್ಬಳ್ಳಿಯಾಗ ಮನಿ ಕಟ್ಟಸೋರಿಗೆ: ಮಾಮೂಲಿ ಸ್ಲ್ಯಾಬೋ, ಎನರ್ಜಿ ಕೋಡ್ (ಕರೆಂಟ್ ಉಳಸೋ ಕಟ್ಟಡದ ನಿಯಮ) ಪ್ರಕಾರನೋ?

ಮಾಮೂಲಿ ಕಟ್ಟಿದ್ರ ಮೊದಲಿನ ಖರ್ಚು ಕಡಿಮಿ, ಗೌಂಡಿಗಳಿಗೂ ಅದ ರೂಢಿ, ಖರೆ. ಆದ್ರ ಬರೀ ಆರ್‌ಸಿಸಿ ಸ್ಲ್ಯಾಬ್ ಏಪ್ರಿಲ್ ಬಿಸಲಿಗೆ ದಿನಾಪೂರ್ತಿ ಕಾದು ರಾತ್ರಿ ಆ ಕಾವು ಒಳಗ ಬಿಡ್ತೈತಿ, ಫ್ಯಾನ್ ಹಚ್ಚಿದ್ರೂ ಬಿಸಿಗಾಳಿನ, ಆಮ್ಯಾಲ ಎಸಿ ಕೂಡಸ್ತೀರಿ, ಹೆಸ್ಕಾಂ ಬಿಲ್ ಏರಕೋಂತ ಹೋಗ್ತೈತಿ. ಮನಿಗಳ ಎನರ್ಜಿ ಕೋಡ್ ಆದ 2018ರ ಇಕೋ ನಿವಾಸ್ ಸಂಹಿತಾ, ಚಾವಣಿ ಯು-ವ್ಯಾಲ್ಯೂ (ಕಾವು ಎಷ್ಟು ಒಳಗ ದಾಟತೈತಿ ಅನ್ನೋ ಅಳತಿ, ಕಡಿಮಿ ಇದ್ದಷ್ಟು ಚಲೋ) 1.2 ದಾಟಬಾರದು ಅಂತೈತಿ, ಅಂದ್ರ ಇನ್ಸುಲೇಶನ್ (ಕಾವು ತಡಿಯೋ ಪದರ) ಬೇಕ ಬೇಕು, ರೊಕ್ಕ ಜಾಸ್ತಿ. ಆ ಕೋಡ್ ಮಾಡಿದ್ದು 500 ಚದರ ಮೀಟರ್ ಮತ್ತ ಅದಕ್ಕಿಂತ ದೊಡ್ಡ ಪ್ಲಾಟಿಗೆ. ಬಾಡಿಗಿಗೆ ಕೊಡೋರು ಉಳಿತಾಯ ನಮಗೆಲ್ಲಿ ಸಿಗ್ತೈತಿ ಅಂತಾರ, ಆದ್ರ ಒಳಗ ಮಲಗೋ ಕೂಸಿಗೆ, ಮುದುಕರಿಗೆ ಝಳ ತಪ್ಪತೈತಲ್ರಿ, ಅದಕ್ಕ ನಾ ಕೋಡ್ ಬಿಗಿ ಆಗ್ಲಿ ಅನ್ನಾಂವ. ಕೈ ಬಿಗಿ ಇದ್ರ ಗ್ವಾಡಿ ಬಿಡ್ರಿ, ಚಾವಣಿಗೆ ಇನ್ಸುಲೇಶನ್, ಮ್ಯಾಲ ಬಿಳಿ ಟೈಲ್ಸ್ ಚೂರು, ಪಡುವಣ ಕಿಡಕಿಗೆ ಛಜ್ಜಾ, ಇಷ್ಟರ ಮಾಡಸ್ರಿ.