ಹೋಂ ಥಿಯೇಟರ್ ರಿಸೀವರ್: ಡೆನಾನ್, ಮರಾಂಟ್ಜ್, ಯಮಾಹಾ, ಓಂಕ್ಯೋ, ಸೋನಿ – ಯಾವುದು ಯಾರಿಗೆ?

ಯಮಾಹಾ ಅಂದರೆ ‘ಬ್ರೈಟ್’ (ಸದ್ದು ಚುರುಕು), ಮರಾಂಟ್ಜ್ ಅಂದರೆ ‘ವಾರ್ಮ್’ (ಸದ್ದು ಮೆತ್ತಗೆ), ಡೆನಾನ್ ಅಂದರೆ ಬೇಸ್ ಜಾಸ್ತಿ. ರಿಸೀವರ್, ಅಂದರೆ ಟಿವಿ, ಪ್ಲೇಯರ್‌ಗಳ ಸದ್ದನ್ನು ಪಡೆದು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ, ಅದರ ವಿಷಯ ಬಂತೆಂದರೆ ಈ ಮೂರು ಮಾತು ಬಂದೇ ಬರುತ್ತವೆ. ನನಗೆ ಇದರಲ್ಲಿ ಅಷ್ಟು ನಂಬಿಕೆಯಿಲ್ಲ. ಎರಡು ರಿಸೀವರ್‌ಗಳನ್ನು ಒಂದೇ ಜೊತೆ ಸ್ಪೀಕರ್‌ಗೆ ಹಾಕಿ, ರೂಮ್ ಕರೆಕ್ಷನ್ (ಕೋಣೆಗೆ ತಕ್ಕಂತೆ ಸದ್ದು ತಿದ್ದುವ ಸೌಲಭ್ಯ) ಎರಡರಲ್ಲೂ ಆಫ್ ಮಾಡಿ, ಮೀಟರ್ ಇಟ್ಟು ವಾಲ್ಯೂಮ್ ಸರಿಸಮ ಮಾಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸದಿದ್ದರೆ ಯಾವುದು ಯಾವುದೆಂದು ಗುರುತಿಸುವುದು ತುಂಬಾ ಕಷ್ಟ. ಒಂದರ ವಾಲ್ಯೂಮ್ ಬರೀ 1 ಡೆಸಿಬೆಲ್ ಜಾಸ್ತಿ ಇದ್ದರೂ ಸಾಕು, ಕಿವಿಗೆ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಹಾಗಾದರೆ ಬ್ರ್ಯಾಂಡ್‌ಗಳ ನಡುವೆ ವ್ಯತ್ಯಾಸವೇ ಇಲ್ವಾ? ಇದೆ, ಜೋರಾಗಿಯೇ ಇದೆ. ಅದು ಇರುವುದು ರೂಮ್ ಕರೆಕ್ಷನ್‌ನಲ್ಲಿ. ನಿಮ್ಮ ಕೋಣೆಯ ಗೋಡೆಗಳಿಗೆ ಬಡಿದು ವಾಪಸ್ ಬರುವ ಸದ್ದು, ಸ್ಪೀಕರ್‌ನಿಂದ ನೇರವಾಗಿ ಬರುವ ಸದ್ದಿನ ಜೊತೆ ಸೇರಿ, ಕೆಲವು ಕಡೆ ಬೇಸನ್ನು ಉಬ್ಬಿಸುತ್ತದೆ, ಕೆಲವು ಕಡೆ ಪೂರ್ತಿ ನುಂಗಿಹಾಕುತ್ತದೆ. ಸೋಫಾದ ಈ ತುದಿಯಲ್ಲಿ ಧಡಧಡ, ಆ ತುದಿಯಲ್ಲಿ ಏನೂ ಇಲ್ಲ. 10 ಡೆಸಿಬೆಲ್ ಏರಿಳಿತ ಇಲ್ಲಿ ಮಾಮೂಲಿ. ರಿಸೀವರ್ ಜೊತೆ ಬರುವ ಪುಟ್ಟ ಮೈಕ್ ಇದನ್ನು ಅಳೆಯುತ್ತದೆ, ಒಳಗಿನ ಸಾಫ್ಟ್‌ವೇರ್ ತಿದ್ದುತ್ತದೆ. ಆ ಸಾಫ್ಟ್‌ವೇರ್ ಎಷ್ಟು ಜಾಣ ಅನ್ನುವುದಕ್ಕೇ ನಾವು ದುಡ್ಡು ಕೊಡುತ್ತಿರುವುದು.

ಡೆನಾನ್, ಮರಾಂಟ್ಜ್ ಎರಡರಲ್ಲೂ ಆಡಿಸಿ ಅನ್ನುವ ರೂಮ್ ಕರೆಕ್ಷನ್ ಇದೆ. ಅದರಲ್ಲೇ ಮೂರು ದರ್ಜೆ: ಮಲ್ಟ್‌ಇಕ್ಯು, ಎಕ್ಸ್‌ಟಿ, ಎಕ್ಸ್‌ಟಿ32. ಹೆಸರು ಒಂದೇ ಥರ ಇದೆ ಅಂತ ಮೋಸ ಹೋಗಬೇಡಿ, ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ವಿಷಯದಲ್ಲಿ ಎಕ್ಸ್‌ಟಿ32 ಬೇರೆಯದೇ ಮಟ್ಟ. ಡೆನಾನ್ ಎಕ್ಸ್1800ಎಚ್, ಎಕ್ಸ್2800ಎಚ್‌ಗಳಲ್ಲಿ ಎಕ್ಸ್‌ಟಿ ಮಾತ್ರ, ಎಕ್ಸ್3800ಎಚ್‌ನಿಂದ ಮೇಲೆ ಎಕ್ಸ್‌ಟಿ32. ಆಡಿಸಿಯ ಮೇಲೆ ನನಗೊಂದು ಸಿಟ್ಟೂ ಇದೆ. 2 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಅದು ಬೇಕೆಂದೇ ಸ್ವಲ್ಪ ತಗ್ಗಿಸುತ್ತದೆ, ಮಾತು ಒಂಚೂರು ಹಿಂದೆ ಸರಿದ ಹಾಗೆ ಕೇಳುತ್ತದೆ. ಇದನ್ನು ಆಫ್ ಮಾಡಬೇಕೆಂದರೆ ಫೋನಿನ ಆಪ್ ಬೇಕು, ಅದಕ್ಕೆ ಬೇರೆ ದುಡ್ಡು. ಅಷ್ಟು ಬೆಲೆಯ ಪೆಟ್ಟಿಗೆ ಮಾರಿ ಆಪ್‌ಗೂ ಕಾಸು ಕೇಳುವುದು ಜಿಪುಣತನ ಅಲ್ವಾ? ಆದರೂ ಆಪ್ ತಗೊಳ್ಳಿ. ಕರೆಕ್ಷನ್ ಎಲ್ಲಿಯವರೆಗೆ ಕೆಲಸ ಮಾಡಬೇಕು ಅನ್ನುವುದನ್ನೂ ಅದರಲ್ಲೇ ಹೇಳಬಹುದು. ಸ್ಪೀಕರ್ ಒಳ್ಳೆಯದಾಗಿದ್ದರೆ ಕೆಳಗಿನ ಕೆಲವು ನೂರು ಹರ್ಟ್ಜ್ ಮಾತ್ರ ತಿದ್ದಿಸಿ, ಮೇಲಿನದನ್ನು ಸ್ಪೀಕರ್‌ಗೇ ಬಿಡುವುದು ನನಗೆ ಹಿಡಿಸುತ್ತದೆ.

ಓಂಕ್ಯೋ ಆರ್‌ಝಡ್50ರಲ್ಲಿ ಡಿರಾಕ್ ಲೈವ್ ಅನ್ನುವ ಬೇರೆ ರೂಮ್ ಕರೆಕ್ಷನ್ ಇದೆ. ಪೂರ್ತಿ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, ರಿಸೀವರ್ ಬೆಲೆಯಲ್ಲೇ. ಡೆನಾನ್, ಮರಾಂಟ್ಜ್‌ಗಳ ಮೇಲಿನ ಮಾದರಿಗಳಿಗೂ 2023ರಿಂದ ಡಿರಾಕ್ ಹಾಕಿಸಿಕೊಳ್ಳಬಹುದು, ಆದರೆ ಅದರ ಲೈಸೆನ್ಸ್ ಬೇರೆ ಕೊಳ್ಳಬೇಕು. ಡಿರಾಕ್‌ನ ದೊಡ್ಡ ಸುಖ ಏನೆಂದರೆ ಸದ್ದಿನ ಗ್ರಾಫ್ ಕಣ್ಣೆದುರು ಇರುತ್ತದೆ, ಬೇಕಾದ ಗೆರೆಯನ್ನು ಎಳೆದು ನಮ್ಮ ಕಿವಿಗೆ ಒಪ್ಪುವ ಹಾಗೆ ಇಡಬಹುದು. ಬೇಸ್ ಬಿಗಿಯಾಗುತ್ತದೆ, ಹಾಡುವವರ ದನಿ ನಡುವೆ ಬಂದು ನಿಲ್ಲುತ್ತದೆ. ತಾಳ್ಮೆ ಮಾತ್ರ ಬೇಕು. ಲ್ಯಾಪ್‌ಟಾಪ್ ಹಿಡಿದುಕೊಂಡು, ಮೈಕನ್ನು ಒಂದೊಂದು ಜಾಗಕ್ಕೆ ಸರಿಸುತ್ತಾ, ಫ್ಯಾನ್ ಆಫ್ ಮಾಡಿ, ಮನೆಯವರನ್ನೆಲ್ಲ ಸುಮ್ಮನಿರಿಸಿ ಕೂರುವ ಕೆಲಸ ಅದು. ಇದೆಲ್ಲ ಆಗದು ಅನ್ನುವವರಿಗೆ ಡಿರಾಕ್‌ಗೆ ದುಡ್ಡು ಹಾಕುವುದು ದಂಡ.

ಯಮಾಹಾದ ರೂಮ್ ಕರೆಕ್ಷನ್ ವೈಪಾವೊ ಸುಲಭ, ಬೇಗ ಮುಗಿಯುತ್ತದೆ. ಆದರೆ ಸಬ್‌ವೂಫರ್ ತಿದ್ದುವುದರಲ್ಲಿ ಇನ್ನೆರಡರಷ್ಟು ಗಟ್ಟಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಮಾಹಾ ಗೆಲ್ಲುವುದು ಬೇರೆ ಕಡೆ. 1986ರಲ್ಲಿ ಡಿಎಸ್‌ಪಿ-1 ಅನ್ನುವ ಸೌಂಡ್ ಪ್ರೊಸೆಸರ್ ತಂದಾಗಿನಿಂದ ಈ ಕಂಪನಿ ನಿಜವಾದ ಸಭಾಂಗಣಗಳನ್ನು ಅಳೆದು, ಅವುಗಳ ಮೊಳಗನ್ನು ನಮ್ಮ ಕೋಣೆಯಲ್ಲಿ ತರುವ ಕೆಲಸ ಮಾಡುತ್ತಾ ಬಂದಿದೆ. ಬೇರೆಯವರ ‘ಹಾಲ್’, ‘ಸ್ಟೇಡಿಯಂ’ ಮೋಡ್‌ಗಳು ಒಂದು ಸಲ ಒತ್ತಿ ನಕ್ಕು ಬಿಡುವಂಥವು. ಯಮಾಹಾದ್ದು ಹಾಗಲ್ಲ, ಲೈವ್ ಸಂಗೀತ ಕೇಳುವವರು ದಿನಾ ಹಾಕಿಕೊಳ್ಳುತ್ತಾರೆ. ಅವೆಂಟೇಜ್ ಸಾಲಿನ ಮೇಲಿನ ಮಾದರಿಗಳಲ್ಲಿ ಸರೌಂಡ್ ಎಐ ಕೂಡ ಇದೆ. ದೃಶ್ಯದಲ್ಲಿ ಮಾತಿದೆಯಾ, ಗಲಾಟೆಯಿದೆಯಾ ಅಂತ ನೋಡಿ ಸದ್ದನ್ನು ತಾನೇ ಹೊಂದಿಸುತ್ತದೆ.

ಡೆನಾನ್ ಮತ್ತು ಮರಾಂಟ್ಜ್ ಒಂದೇ ತಾಯಿಯ ಮಕ್ಕಳು. 2002ರಿಂದ ಒಂದೇ ಮಾಲೀಕರ ಕೈಯಲ್ಲಿವೆ. ಆಡಿಸಿ, ಡಿರಾಕ್, ಸಂಗೀತ ಸ್ಟ್ರೀಮ್ ಮಾಡುವ ಹಿಯೋಸ್ ಆಪ್ ಎಲ್ಲ ಎರಡಕ್ಕೂ ಒಂದೇ. ಮರಾಂಟ್ಜ್‌ನಲ್ಲಿ ಎಚ್‌ಡಿಎಎಂ ಅನ್ನುವ ಅವರದೇ ಸರ್ಕ್ಯೂಟ್ ಇದೆ, ಮುಂದೆ ದುಂಡನೆಯ ಚಂದದ ಡಿಸ್ಪ್ಲೇ ಇದೆ. ಮರಾಂಟ್ಜ್ ಸಿನಿಮಾ 50 ಮತ್ತು ಡೆನಾನ್ ಎಕ್ಸ್3800ಎಚ್ ಪಕ್ಕಪಕ್ಕ ಇಟ್ಟರೆ, ಜಾಸ್ತಿ ದುಡ್ಡಿಗೆ ಸಿಗುವುದು ಹೆಚ್ಚಾಗಿ ನೋಟ. ನೋಟಕ್ಕೆ ದುಡ್ಡು ಕೊಡುವುದು ತಪ್ಪೇನಲ್ಲ, ಹಾಲ್‌ನಲ್ಲಿ ದಿನಾ ಕಣ್ಣಿಗೆ ಬೀಳುವ ವಸ್ತು. ಸದ್ದು ಬದಲಾಗುತ್ತದೆ ಅಂತ ಮಾತ್ರ ಕೊಡಬೇಡಿ. ಇವೆಲ್ಲದರಲ್ಲಿ ನಾನು ಒಂದನ್ನೇ ಆರಿಸಬೇಕೆಂದರೆ ಎಕ್ಸ್3800ಎಚ್. ಒಂಬತ್ತು ಆಂಪ್, ನಾಲ್ಕು ಸಬ್‌ವೂಫರ್‌ಗಳನ್ನು ಬೇರೆ ಬೇರೆಯಾಗಿ ನಿಭಾಯಿಸುವ ಔಟ್‌ಪುಟ್, ಮುಂದೆ ಬೇರೆ ಪವರ್ ಆಂಪ್ ಸೇರಿಸಲು ಪ್ರೀಔಟ್, ಆರು ಎಚ್‌ಡಿಎಂಐ ಇನ್‌ಪುಟ್‌ಗಳೂ 8ಕೆ ದರ್ಜೆಯವು.

ಸೋನಿ ಎಎನ್1000 ಜಾಸ್ತಿ ತಲೆಕೆಡಿಸಿಕೊಳ್ಳದವರಿಗೆ. ಸ್ಪೀಕರ್ ಸರಿಯಾದ ಜಾಗದಲ್ಲಿಡಲು ಆಗದ ಕೋಣೆಯಲ್ಲಿ ಅದರ ಸ್ಪೇಷಿಯಲ್ ಮ್ಯಾಪಿಂಗ್ ಸದ್ದನ್ನು ಸುತ್ತಲೂ ಚೆನ್ನಾಗಿ ಹರಡುತ್ತದೆ. ಕೆಲವು ಬ್ರಾವಿಯಾ ಟಿವಿಗಳನ್ನೇ ಸೆಂಟರ್ ಸ್ಪೀಕರ್ ಥರ ಬಳಸುತ್ತದೆ. 8ಕೆ ಇನ್‌ಪುಟ್ ಎರಡೇ.

ವ್ಯಾಟ್ ಬಗ್ಗೆ ಒಂದು ಮಾತು. ಡಬ್ಬದ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ 6 ಓಮ್, 1 ಕಿಲೋಹರ್ಟ್ಜ್, ಒಂದೇ ಚಾನೆಲ್ ಓಡಿಸಿ ಅಳೆದದ್ದು, ಕೆಲವು ಸಲ 10 ಶೇಕಡಾ ಡಿಸ್ಟಾರ್ಷನ್ ಒಪ್ಪಿಕೊಂಡು. ನೀವು ಹುಡುಕಬೇಕಾದದ್ದು 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್ ಅನ್ನುವ ಸಾಲು. ಆ ಲೆಕ್ಕದಲ್ಲಿ ಎಕ್ಸ್1800ಎಚ್ 80 ವ್ಯಾಟ್, ಎಕ್ಸ್3800ಎಚ್ 105 ವ್ಯಾಟ್. ಸದ್ದಿನಲ್ಲಿ ಇದರ ವ್ಯತ್ಯಾಸ 1 ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 3 ಡೆಸಿಬೆಲ್ ಬೇಕೆಂದರೆ ವ್ಯಾಟ್ ಎರಡು ಪಟ್ಟಾಗಬೇಕು. ಅದರ ಬದಲು 3 ಡೆಸಿಬೆಲ್ ಹೆಚ್ಚು ಸೆನ್ಸಿಟಿವಿಟಿ (ಅಷ್ಟೇ ವ್ಯಾಟ್‌ಗೆ ಸ್ಪೀಕರ್ ಮಾಡುವ ಸದ್ದು) ಇರುವ ಸ್ಪೀಕರ್ ತಂದರೆ ಅದೇ ಲಾಭ. ಮತ್ತೆ, ಸೆಟಪ್ ಮುಗಿದ ಮೇಲೆ ಸ್ಪೀಕರ್‌ಗಳು ‘ಲಾರ್ಜ್’ ಅಂತ ಬಂದಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಬೇಸ್ ಸಬ್‌ವೂಫರ್‌ಗೆ ತಿರುಗುವ ಗಡಿ) 80 ಹರ್ಟ್ಜ್ ಇಡಿ. ಭಾರದ ಕೆಲಸ ಸಬ್‌ವೂಫರ್‌ಗೆ ಹೋಗುತ್ತದೆ, ಆಂಪ್ ಉಸಿರಾಡುತ್ತದೆ.

ಗೇಮ್ ಆಡುವವರು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹುಷಾರು. 2020ರ ಸುಮಾರಿನ ಡೆನಾನ್, ಮರಾಂಟ್ಜ್, ಯಮಾಹಾ ಮಾದರಿಗಳ ಎಚ್‌ಡಿಎಂಐ 2.1 ಚಿಪ್‌ನಲ್ಲಿ ದೋಷವಿತ್ತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಿಂದ 4ಕೆ 120 ಹರ್ಟ್ಜ್ ಕೊಟ್ಟರೆ ಪರದೆ ಕಪ್ಪಾಗುತ್ತಿತ್ತು. ಡೆನಾನ್, ಮರಾಂಟ್ಜ್ ಉಚಿತವಾಗಿ ಅಡಾಪ್ಟರ್ ಕೊಟ್ಟವು, ಯಮಾಹಾ ಬೋರ್ಡೇ ಬದಲಿಸಿಕೊಟ್ಟಿತು. ಮಾರುವವರು ಅದನ್ನು ಮಾಡಿಸಿದ್ದಾರಾ ಅಂತ ಕೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ಈಗಾಗಲೇ ಒಂದು ಹಳೆಯ ಆಟ್ಮಾಸ್ (ಮೇಲಿನಿಂದಲೂ ಸದ್ದು ಬರುವ ಡಾಲ್ಬಿ ಸರೌಂಡ್) ರಿಸೀವರ್ ಇದ್ದು, 4ಕೆ 120 ಇಲ್ಲ ಅನ್ನುವುದೊಂದೇ ಕೊರಗಾದರೆ ತಡೆಯಿರಿ. ಕನ್ಸೋಲನ್ನು ಟಿವಿಗೇ ನೇರ ಹಾಕಿ, ಸದ್ದನ್ನು ಇಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ವಾಪಸ್ ಕಳಿಸುವ ದಾರಿ) ಮೂಲಕ ರಿಸೀವರ್‌ಗೆ ತನ್ನಿ. ಅದರಲ್ಲಿ ಹಳೆಯ ಎಆರ್‌ಸಿ ಮಾತ್ರ ಇದ್ದರೂ ಸ್ಟ್ರೀಮಿಂಗ್ ಆಪ್‌ಗಳ ಆಟ್ಮಾಸ್ ಸಾಮಾನ್ಯವಾಗಿ ಬರುತ್ತದೆ, ಏಕೆಂದರೆ ಅದು ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಕುಗ್ಗಿಸಿದ ರೂಪದಲ್ಲಿರುತ್ತದೆ. ಬ್ಲೂ-ರೇ ಪ್ಲೇಯರ್‌ನ ಟ್ರೂಎಚ್‌ಡಿ (ಏನನ್ನೂ ಕಳೆಯದ, ದೊಡ್ಡ ಗಾತ್ರದ) ಸದ್ದು ಮಾತ್ರ ಹಳೆಯ ಎಆರ್‌ಸಿಯಲ್ಲಿ ಬರುವುದಿಲ್ಲ, ಪ್ಲೇಯರನ್ನು ರಿಸೀವರ್‌ಗೇ ಹಾಕಿಕೊಳ್ಳಿ. ಉಳಿದ ದುಡ್ಡಿಗೆ ಎರಡನೇ ಸಬ್‌ವೂಫರ್ ತನ್ನಿ.