ಗೋಕುಲ ರೋಡಿನ ಶೆಡ್ಡಿನಲ್ಲಿ ಮಾಡಿಸಿದ ಕತ್ತಲೆ ಪೆಟ್ಟಿಗೆ

ತಗಡಿನ ಕೆಲಸಕ್ಕೆ ನಾಲ್ಕು ಸ್ಟಾರ್. ಪೇಂಟಿಗೆ ಎರಡು ಕೊಟ್ಟರೂ ಜಾಸ್ತಿ.

ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗ್ರಿಲ್, ಗೇಟು, ಪ್ಯಾನೆಲ್ ಬಾಕ್ಸ್ ಮಾಡುವ ಸಣ್ಣ ಶೆಡ್ಡು ಇದು. ಧಾರವಾಡದ ನಮ್ಮ ಲ್ಯಾಬಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಬೇಕಿತ್ತು. ಒಳಗೆ ಚೂರೂ ಬೆಳಕು ಹೋಗಬಾರದು, ಇಷ್ಟೇ ಷರತ್ತು.

"ಇಷ್ಟ್ ಕತ್ತಲಿ ಯಾಕ್ರೀ ಸರ, ಫೋಟೋ ತೊಳಿತೀರೇನು?" ಅಂದರು ಮಿಸ್ತ್ರಿ.

ಫೋಟೋ ಅಲ್ಲ, ಎಲ್‌ಗ್ಯಾಡ್ ಸೆನ್ಸರ್, ಅಂದರೆ ಹಾದುಹೋಗುವ ಸೂಕ್ಷ್ಮ ಕಣಗಳನ್ನು ಹಿಡಿಯುವ ಚಿಪ್. ಸುಮಾರು 50 ಮೈಕ್ರಾನ್ ದಪ್ಪದ ಸಿಲಿಕಾನ್, ಒಂದೊಂದು ಪ್ಯಾಡ್ 1.3 ಮಿ.ಮೀ. ಚೌಕ. ಕಣ ಹಾದುಹೋದ ಹೊತ್ತನ್ನು 30 ಪಿಕೊಸೆಕೆಂಡಿನ (ಒಂದು ಪಿಕೊಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು) ಆಸುಪಾಸಿಗೆ ಹೇಳುತ್ತದೆ. ಅಷ್ಟರಲ್ಲಿ ಬೆಳಕು ಸಾಗುವುದೇ 9 ಮಿ.ಮೀ.! ಜಿನೀವಾ ಬಳಿಯ ಕಣವಿಜ್ಞಾನ ಕೇಂದ್ರ ಸರ್ನ್‌ನ ಅಟ್ಲಾಸ್, ಸಿಎಂಎಸ್ ಅನ್ನುವ ಎರಡು ದೊಡ್ಡ ಪ್ರಯೋಗಗಳಿಗೂ ಇದು ಬೇಕು. ಅಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಎಲ್‌ಎಚ್‌ಸಿಯ ಮುಂದಿನ ಹಂತದಲ್ಲಿ 200ರವರೆಗೆ ಡಿಕ್ಕಿಗಳು ಒಂದೇ ಏಟಿಗೆ ಆಗುತ್ತವೆ. ಯಾವ ಕಣ ಯಾವ ಡಿಕ್ಕಿಯದು ಅಂತ ಬೇರೆ ಮಾಡಲು ಹೊತ್ತೇ ಗುರುತು. ಆದರೆ ಸಿಲಿಕಾನ್ ಅಲ್ವಾ, ಟ್ಯೂಬ್‌ಲೈಟ್ ಬೆಳಕಿಗೂ ಕರೆಂಟ್ ಕೊಟ್ಟುಬಿಡುತ್ತದೆ.

ಮೆಚ್ಚಿದ್ದು ಮುಚ್ಚಳ. ಮಿಸ್ತ್ರಿ ತಾವಾಗಿಯೇ ಅಂಚಿಗೆ ಮೆಟ್ಟಿಲು ಕೊಟ್ಟು, ಒಳಗಿನ ತೋಡಿನಲ್ಲಿ ಕಪ್ಪು ರಬ್ಬರ್ ಕೂರಿಸಿದ್ದರು. "ತಿರುವು ಕೊಟ್ರ ಬೆಳಕು ಒಳಗ ಬರಂಗಿಲ್ರಿ." ನಿಜ. ವೋಲ್ಟೇಜ್ ಕೊಟ್ಟು ರೂಮಿನ ಲೈಟ್ ಹಾಕಿ, ಆರಿಸಿ ನೋಡಿದೆ. ಸೆನ್ಸರಿನಲ್ಲಿ ಸುಮ್ಮನೆ ಸೋರುವ ಲೀಕೇಜ್ ಕರೆಂಟ್ ಕದಲಲಿಲ್ಲ.

ಇನ್ನು ಪೇಂಟ್. ಒಳಗೆಲ್ಲ ಕಪ್ಪು ಪೌಡರ್ ಕೋಟಿಂಗ್ ಚೆಂದ ಕಾಣುತ್ತದೆ, ಆದರೆ ಅಂಚಿಗೂ ಹೊಡೆದುಬಿಟ್ಟಿದ್ದಾರೆ. ಆ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಮುಚ್ಚಳಕ್ಕೂ ಪೆಟ್ಟಿಗೆಗೂ ಸಂಪರ್ಕವೇ ಇಲ್ಲ ಅಂದಮೇಲೆ ಹೊರಗಿನ ರೇಡಿಯೊ ಅಲೆ ತಡೆಯುವ ಶೀಲ್ಡಿಂಗ್ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಮೊಬೈಲ್ ಬಂದರೆ ಸಿಗ್ನಲ್ ತೋರಿಸುವ ಸ್ಕೋಪಿನ ಪರದೆಯಲ್ಲಿ ಗೆರೆ ಕುಣಿಯುತ್ತಿತ್ತು. ಈ ಸೆನ್ಸರಿನ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೂ ಮೊದಲೇ ಏರಿಬಿಡುತ್ತದೆ. ಆ ಏರಿನ ಮೇಲೆ ಸ್ವಲ್ಪ ನಾಯ್ಸ್ ಕೂತರೂ ನಾವು ಓದುವ ಹೊತ್ತು ಆಚೀಚೆ ಆಗುತ್ತದೆ. ಪಿಕೊಸೆಕೆಂಡಿನ ಮಾತೇ ಬೇಡ.

ವಾಪಸ್ ಒಯ್ದೆ. ತಕರಾರಿಲ್ಲದೆ ಎಮರಿ ಪೇಪರ್ ಹಿಡಿದು ಅಂಚನ್ನೆಲ್ಲ ಉಜ್ಜಿ, ಬಿಳಿ ಲೋಹ ಕಾಣಿಸಿ ಕೊಟ್ಟರು. ದುಡ್ಡು ಕೇಳಲಿಲ್ಲ, ಚಹಾ ಕುಡಿಸಿದರು. ಕೇಬಲ್ ತೂತಿನ ಚೂಪು ಮಾತ್ರ ಹಾಗೇ ಬಿಟ್ಟಿದ್ದರು, ನಾನೇ ಅರ ಹಾಕಿದೆ. ಹೇಳಿದ ದಿನಕ್ಕೆ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ. ಹೋಗಿ ಎದುರು ನಿಂತರೆ ಕೆಲಸ ಆಗುತ್ತದೆ.

ಇಲ್ಲಿ ಮಾಡಿಸುವವರು "ಅಂಚಿಗೆ ಟೇಪ್ ಹಚ್ಚಿ ಪೇಂಟ್ ಹೊಡೆಯಿರಿ" ಅಂತ ಡ್ರಾಯಿಂಗ್ ಮೇಲೇ ದಪ್ಪಗೆ ಬರೆದುಕೊಡಿ. ಕನೆಕ್ಟರ್‌ಗಳನ್ನು ನೀವೇ ಒಯ್ಯಿರಿ, ತೂತಿನ ಅಳತೆ ಅದಕ್ಕೆ ಹಿಡಿದೇ ಕೊರೆಯುತ್ತಾರೆ.