ವೆನಿಸ್, ಕೋನಿಗ್ಸ್‌ಝೇ, ಬೋಹಿನ್: ಗಡಿಗಳು ಅರೆತೆರೆದಿದ್ದ ವರ್ಷದ ಮೂರು ಪ್ರವಾಸಗಳು

ನಾವಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. 2021ರಲ್ಲಿ ನಾವು ಊರಿಗೆ ಹೋಗಲಿಲ್ಲ. ಹೋಗಲು ಆಗಲಿಲ್ಲ. ಭಾರತದಲ್ಲಿ ಕೋವಿಡ್‌ನ ಎರಡನೇ ಅಲೆ ಎದ್ದಾಗ, ಏಪ್ರಿಲ್ 26ರಿಂದ ಜರ್ಮನಿ ಅಲ್ಲಿಂದ ಬರುವವರನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿತು. ನಮ್ಮಂಥ ಇಲ್ಲಿನ ನಿವಾಸಿಗಳು ವಾಪಸ್ ಬರಬಹುದಿತ್ತು, ಆದರೆ ಬಂದರೆ 14 ದಿನ ಮನೆಯೊಳಗೇ. ಮೇ ತಿಂಗಳಲ್ಲಿ ಹಾಸನದಲ್ಲಿ ದೊಡ್ಡಪ್ಪ ತೀರಿಕೊಂಡರು. ಮ್ಯೂನಿಕ್‌ನ ಅಡುಗೆಮನೆಯಲ್ಲಿ ಕೂತು ಹನ್ನೊಂದನೇ ದಿನದ ಕಾರ್ಯವನ್ನು ಫೋನಿನಲ್ಲಿ ನೋಡಿದೆ.

ಊರಿಗೆಂದು ಎತ್ತಿಟ್ಟಿದ್ದ ರಜೆ ಹಾಗೇ ಉಳಿದಿತ್ತು. ಐದು ವರ್ಷದ ಮಗಳು ಚಳಿಗಾಲ ಪೂರ್ತಿ ಕಿಟಕಿ ಪಕ್ಕದಲ್ಲೇ ಕಳೆದಿದ್ದಳು. ಹೆಂಡತಿಯೇ ಹೇಳಿದಳು, ಎಲ್ಲಾದರೂ ಹೋಗಿ ಬರೋಣ, ಇಲ್ಲದಿದ್ದರೆ ಮೂವರಿಗೂ ತಲೆ ಕೆಡುತ್ತದೆ ಅಂತ. ಆ ಬೇಸಿಗೆಯಲ್ಲಿ ಮೂರು ಕಡೆ ಹೋದೆವು. ಜೂನ್‌ನಲ್ಲಿ ವೆನಿಸ್, ಜುಲೈ ಮೊದಲ ವಾರ ನಮ್ಮ ಬವೇರಿಯಾ ರಾಜ್ಯದಲ್ಲೇ ಇರುವ ಕೋನಿಗ್ಸ್‌ಝೇ ಎಂಬ ಕೆರೆ, ಆಗಸ್ಟ್ ಕೊನೆಗೆ ಸ್ಲೊವೇನಿಯಾದ ಬೋಹಿನ್ ಕೆರೆ. ಮೂರಕ್ಕೂ ನಿಯಮ ಬೇರೆ, ಭಯ ಬೇರೆ, ಸಿಕ್ಕ ಸುಖವೂ ಬೇರೆ. ಯಾವುದು ಚೆನ್ನಾಗಿತ್ತು ಅಂತ ಈಗಲೂ ಗೆಳೆಯರು ಕೇಳುತ್ತಾರೆ.

ಸಾಮಾನ್ಯ ವರ್ಷದಲ್ಲಾದರೆ ಖರ್ಚು, ದೂರ, ನೋಡುವ ಜಾಗ ಲೆಕ್ಕ ಹಾಕುತ್ತೇವೆ. ಆ ವರ್ಷ ನನ್ನ ಅಳತೆ ಒಂದೇ ಆಗಿತ್ತು. ಅಲ್ಲಿ ಹೋದ ಮೇಲೆ ಎಷ್ಟು ಹೊತ್ತು ಕಾಯಿಲೆಯ ನೆನಪಿಲ್ಲದೆ ಇರಲು ಆಯಿತು?

ಕಾಗದಪತ್ರದ ಕಾಟ ಜಾಸ್ತಿ ಇದ್ದದ್ದು ವೆನಿಸ್‌ಗೆ. ಜುಲೈ 1ರಿಂದ ಯುರೋಪಿಗೆಲ್ಲ ಒಂದೇ ಡಿಜಿಟಲ್ ಕೋವಿಡ್ ಪ್ರಮಾಣಪತ್ರ ಬಂತು. ಆದರೆ ನಾವು ಹೊರಟದ್ದು ಜೂನ್ 18ಕ್ಕೆ, ಒಂದೊಂದೇ ಡೋಸ್ ಆಗಿತ್ತು. ಹಾಗಾಗಿ 48 ಗಂಟೆಯೊಳಗಿನ ಟೆಸ್ಟ್ ಬೇಕು, ಎಲ್ಲಿಂದ ಬಂದೆವು, ಎಲ್ಲಿ ಉಳಿಯುತ್ತೇವೆ ಅಂತ ಆನ್‌ಲೈನ್ ಫಾರ್ಮ್ ತುಂಬಬೇಕು. ಟೆಸ್ಟ್ ಏನೋ ಪುಕ್ಕಟೆ ಆಯಿತು. ಆದರೆ ಹೆಂಡತಿಯ ವರದಿಯಲ್ಲಿ ಹೆಸರು ಅರ್ಧವೇ ಬಂದಿತ್ತು. ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಊರು, ಅಪ್ಪನ ಹೆಸರು, ಸ್ವಂತ ಹೆಸರು ಹೀಗೆ ಮೂರು ತುಂಡು. ಆ ಸೆಂಟರಿನ ಫಾರ್ಮಿನಲ್ಲಿ ಅಷ್ಟು ಅಕ್ಷರ ಹಿಡಿಯಲಿಲ್ಲ. ನಮ್ಮ ಕಡೆಯವರಿಗೆ ಇದು ಹೊಸತಲ್ಲ, ಅಲ್ವಾ? ಸರಿಪಡಿಸಿಕೊಂಡು ಬರುವಷ್ಟರಲ್ಲಿ ರಾತ್ರಿ ಒಂಬತ್ತಾಯಿತು. ಬೆಳಿಗ್ಗೆ ರೈಲು ಆಸ್ಟ್ರಿಯಾ, ಇಟಲಿ ನಡುವಿನ ಬ್ರೆನ್ನರ್ ಕಣಿವೆದಾರಿಯನ್ನು ಏರಿ ಇಳಿಯುವಾಗಲೂ ಅವಳು ಆ ಹಾಳೆಯನ್ನು ಕೈಯಲ್ಲೇ ಹಿಡಿದಿದ್ದಳು.

ಆದರೆ ವೆನಿಸ್! ನಿಲ್ದಾಣದ ಮೆಟ್ಟಿಲ ಮೇಲೆ ನಿಂತರೆ ಎದುರಿಗೇ ದೊಡ್ಡ ಕಾಲುವೆ. ಬೇರೆ ವರ್ಷ ಆ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ನಾವು ಸೂಟ್‌ಕೇಸ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಸುಮ್ನೆ ಕೂತೆವು. ವೆನೆಟೊ ಪ್ರಾಂತ್ಯ ಜೂನ್ 7ಕ್ಕೆ ಬಿಳಿ ವಲಯ, ಅಂದರೆ ಸೋಂಕು ಕಡಿಮೆ ಇರುವ ವಲಯ, ಆಗಿತ್ತು, ರಾತ್ರಿ ಕರ್ಫ್ಯೂ ಹೋಗಿತ್ತು. ಹೊರಗೂ ಮಾಸ್ಕ್ ಹಾಕಲೇಬೇಕು ಎಂಬ ನಿಯಮ ಮಾತ್ರ ಆ ತಿಂಗಳ 28ರವರೆಗೂ ಇತ್ತು. ಬಿಸಿಲಿಗೆ ಮಾಸ್ಕಿನೊಳಗೆ ಬೆವರು ಇಳಿಯುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ನಾನು ಮಗಳು ಇಬ್ಬರೇ ಸಂತ ಮಾರ್ಕನ ಚೌಕಕ್ಕೆ ಹೋದೆವು. ಅಷ್ಟು ದೊಡ್ಡ ಚೌಕದಲ್ಲಿ ಅವಳ ಚಪ್ಪಲಿಯ ಪಟಪಟ ಸದ್ದು ಕಂಬಗಳ ಸಾಲಿಗೆ ಬಡಿದು ವಾಪಸ್ ಬರುತ್ತಿತ್ತು. ಅವಳು ಮತ್ತೆ ಮತ್ತೆ ಓಡಿದಳು. ಹಿಂದಿನ ಸಣ್ಣ ಕಾಲುವೆಯಲ್ಲಿ ಒಂದು ದೋಣಿ ತರಕಾರಿ ಇಳಿಸುತ್ತಿತ್ತು. ಆ ಹುಡುಗ ಕ್ರೇಟುಗಳನ್ನು ಕೈಗಾಡಿಗೆ ಪೇರಿಸಿ, ಸೇತುವೆಯ ಒಂದೊಂದೇ ಮೆಟ್ಟಿಲಿಗೆ ಗಾಡಿಯನ್ನು ಎಳೆದು ಹತ್ತಿಸಿದ. ಮೇಲೆ ಮುಟ್ಟಿದಾಗ ಮಗಳು ಚಪ್ಪಾಳೆ ತಟ್ಟಿದಳು, ಅವನು ತಲೆ ಬಾಗಿಸಿದ. ಒಂದು ಊರು ಬೆಳಿಗ್ಗೆ ಎದ್ದು ತನ್ನ ಕೆಲಸ ಮಾಡಿಕೊಳ್ಳುವುದನ್ನು ನೋಡುವುದು ಎಷ್ಟು ಚೆಂದ. ವೆನಿಸ್‌ನ ಹಳೇ ಊರಿನಲ್ಲಿ ಈಗ ಸುಮಾರು 50 ಸಾವಿರ ಜನ ಮಾತ್ರ ವಾಸವಿದ್ದಾರೆ. ಅವರ ಊರು ಅವರಿಗೆ ಕಾಣುವುದೇ ಅಂಥ ಹೊತ್ತಿನಲ್ಲಿ.

20ನೇ ತಾರೀಕು ಯೂರೋ ಕಪ್‌ನಲ್ಲಿ ಇಟಲಿ, ವೇಲ್ಸ್ ಆಟ. ಒಂದು ಚಿಕ್ಕ ಚೌಕದಲ್ಲಿ ಹೋಟೆಲಿನವರು ಟಿವಿಯನ್ನು ಹೊರಗೆ ತಂದಿಟ್ಟಿದ್ದರು. ಇಟಲಿ ಗೋಲು ಹೊಡೆದಾಗ ನಾಲ್ಕೂ ಕಡೆಯ ಕಿಟಕಿಗಳಿಂದ ಒಟ್ಟಿಗೆ ಕೂಗು ಬಂತು. ಆ ಕಿಟಕಿಗಳಲ್ಲೇ ದೊಡ್ಡ ಹಡಗುಗಳು ಬೇಡ ಎಂಬ ಬಾವುಟಗಳೂ ನೇತಾಡುತ್ತಿದ್ದವು. ಆ ತಿಂಗಳ ಶುರುವಿನಲ್ಲೇ ಕ್ರೂಸ್ ಹಡಗು ಮತ್ತೆ ಬಂದಿತ್ತು, ಜನ ಪ್ರತಿಭಟಿಸಿದ್ದರು. ಆಗಸ್ಟ್ 1ರಿಂದ ಅಂಥ ಹಡಗುಗಳನ್ನು ಜ್ಯುದೆಕ್ಕ ಕಾಲುವೆಗೆ ಬಿಡುವುದನ್ನು ಸರ್ಕಾರ ನಿಲ್ಲಿಸಿತು. ಓದಿ ನನಗೆ ನಿಜಕ್ಕೂ ಖುಷಿಯಾಯಿತು.

ಕಷ್ಟ ಎಲ್ಲಿತ್ತು? ದುಡ್ಡು. ನೀರಿನ ಬಸ್ಸಿಗೆ ಆಗ ಒಂದು ಸಲಕ್ಕೆ 7.50 ಯೂರೋ ಇತ್ತು. ಗೊಂಡೋಲಾಗೆ ಅರ್ಧ ಗಂಟೆಗೆ 80 ಇತ್ತು. ಗೊಂಡೋಲಾ ಬಿಟ್ಟೆವು, ಬೇಜಾರಾಗಲಿಲ್ಲ. ಇನ್ನೊಂದು ಕಷ್ಟ ಮನಸ್ಸಿನದು. ಬಾಗಿಲು ಹಾಕಿದ ಅಂಗಡಿಗಳು ಬಹಳ. ನಾವು ಉಳಿದಿದ್ದ ಮನೆಯ ಅಜ್ಜಿ, ಹಿಂದಿನ ಬೇಸಿಗೆಯಲ್ಲಿ ಇಡೀ ಮಹಡಿಗೆ ತಾನೊಬ್ಬಳೇ ದೀಪ ಹಚ್ಚುತ್ತಿದ್ದೆ ಅಂತ ಹೇಳಿದರು. ನಮಗೆ ಇಷ್ಟವಾದ ಆ ಖಾಲಿತನದ ಬೆಲೆ ಅವರು ಕೊಟ್ಟಿದ್ದರು. ಅದು ಗೊತ್ತಿದ್ದೂ ಪೂರ್ತಿ ಮೈಮರೆಯಲು ನನ್ನಿಂದ ಆಗಲಿಲ್ಲ.

ಕೋನಿಗ್ಸ್‌ಝೇ ಇದಕ್ಕೆ ತದ್ವಿರುದ್ಧ. ಗಡಿ ಇಲ್ಲ, ಟೆಸ್ಟ್ ಇಲ್ಲ, ಫಾರ್ಮ್ ಇಲ್ಲ. ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಬೆಳಿಗ್ಗೆ ರೈಲು ಹತ್ತಿದೆವು. ಫ್ರೈಲಾಸಿಂಗ್‌ನಲ್ಲಿ ಬದಲಾಯಿಸಿ ಬೆರ್ಖ್ಟೆಸ್‌ಗಾಡೆನ್, ಅಲ್ಲಿಂದ ಬಸ್ಸು. ತೊಂದರೆ ಅಂದರೆ, ಎಲ್ಲರೂ ಇದೇ ಲೆಕ್ಕ ಹಾಕಿದ್ದರು. ಹೊರದೇಶ ಬೇಡ, ಹತ್ತಿರವೇ ಹೋಗೋಣ ಅಂತ ಇಡೀ ಜರ್ಮನಿ ಆಲ್ಪ್ಸ್ ಕಡೆ ಹೊರಟಂತಿತ್ತು. ವೆನಿಸ್‌ನಲ್ಲಿ ಸಿಕ್ಕದ ಸಾಲು ಇಲ್ಲಿ ಸಿಕ್ಕಿತು. ದೋಣಿಯ ಟಿಕೆಟ್ಟಿಗೇ ಎರಡು ಗಂಟೆ ನಿಂತೆವು. ಆ ಸಾಲಿನಲ್ಲಿ ಪಕ್ಕದವರು ಕೆಮ್ಮಿದರೆ ನನ್ನ ಎದೆ ಝಲ್ ಅನ್ನುತ್ತಿತ್ತು.

ದೋಣಿ ಹೊರಟ ಮೇಲೆ ಬೇರೆಯೇ ಲೋಕ. ಇಲ್ಲಿ 1909ರಿಂದಲೂ ವಿದ್ಯುತ್ ದೋಣಿಗಳೇ ಓಡುತ್ತವೆ, ಹೊಗೆ ಇಲ್ಲ, ಎಂಜಿನ್ ಸದ್ದಿಲ್ಲ. ಮಧ್ಯದಲ್ಲಿ ನಿಲ್ಲಿಸಿ ದೋಣಿಯವರು ಕೊಂಬಿನಲ್ಲಿ ನಾಲ್ಕು ಸ್ವರ ಊದಿದರು. ಬಂಡೆಗೋಡೆ ಆ ನಾಲ್ಕನ್ನೂ ತಿರುಗಿ ಹೇಳಿತು. ಒಂದು ಸೆಕೆಂಡು ತಡವಾಗಿ, ಸ್ವಲ್ಪ ಮೆತ್ತಗೆ. ಮಗಳು ನನ್ನ ಕಿವಿಯಲ್ಲಿ, ಅಲ್ಲಿ ಯಾರಿದ್ದಾರೆ ಅಪ್ಪ ಅಂದಳು. ಕೊನೆಯ ನಿಲ್ದಾಣದಲ್ಲಿ ಇಳಿದು ಕಾಲು ಗಂಟೆ ನಡೆದರೆ ಒಬರ್‌ಝೇ ಎಂಬ ಇನ್ನೊಂದು ಸಣ್ಣ ಕೆರೆ. ಅದರ ದಡದಲ್ಲಿ ಚಿತ್ರಾನ್ನ ತಿಂದೆವು. ದೂರದಲ್ಲಿ ರ್ಯೋಟ್‌ಬಾಖ್ ಜಲಪಾತ, 470 ಮೀಟರ್, ಜರ್ಮನಿಯಲ್ಲೇ ಅತಿ ಎತ್ತರದ್ದು. ದೊಡ್ಡ ಕೆರೆಯ ಮೇಲಿನ ಇನ್ನೊಂದು ಜಲಪಾತದ ಕೊಳಕ್ಕೆ ಹೋಗುವುದನ್ನು ಅದೇ ಬೇಸಿಗೆಯಲ್ಲಿ ನಿಷೇಧಿಸಿದ್ದರು. ಇನ್‌ಸ್ಟಾಗ್ರಾಂ ಫೋಟೋಗಾಗಿ ಬಂದವರ ಕಾಲಿಗೆ ಸಿಕ್ಕು ಗಿಡಗಳು ಹಾಳಾಗಿದ್ದವು. ಒಳ್ಳೇ ಕೆಲಸ ಮಾಡಿದರು.

ನಾವು ಬಂದ ಎರಡೇ ವಾರಕ್ಕೆ, ಜುಲೈ 17ರಂದು, ಅದೇ ಕಣಿವೆಯಲ್ಲಿ ಭಾರೀ ಪ್ರವಾಹ. ಬಸ್ ಇಳಿದು ನಡೆಯುವಾಗ ನೋಡಿದ್ದ ಬಾಬ್‌ಸ್ಲೆಡ್ ಎಂಬ ಹಿಮಗಾಡಿ ಓಟದ ಟ್ರ್ಯಾಕ್ ಕೊಚ್ಚಿಹೋಗಿದ್ದನ್ನು ಟಿವಿಯಲ್ಲಿ ನೋಡಿ ಮೂವರೂ ಮಾತೇ ಆಡಲಿಲ್ಲ.

ಒಂದೇ ದಿನದ ರಜೆ, ಜೊತೆಗೆ ಚಿಕ್ಕ ಮಗು, ಯಾವ ನಿಯಮ ಯಾವಾಗ ಬದಲಾಗುತ್ತೋ ಅನ್ನುವ ಪರಿಸ್ಥಿತಿ ಇದ್ದರೆ ನಾನು ಕೋನಿಗ್ಸ್‌ಝೇ ಅಂತಲೇ ಹೇಳುತ್ತೇನೆ. ಆದರೆ ವಾರದ ನಡುವೆ ಹೋಗಿ, ಮೊದಲ ದೋಣಿ ಹಿಡಿಯಿರಿ. ನಾವು ಶನಿವಾರ ಹೋಗಿ ತಪ್ಪು ಮಾಡಿದೆವು.

ಇನ್ನು ಬೋಹಿನ್. ಜುಲೈ ಕೊನೆಗೆ ಇಬ್ಬರಿಗೂ ಎರಡನೇ ಡೋಸ್ ಆಗಿ, ಅದರ ಮೇಲೆ 14 ದಿನವೂ ಕಳೆದಿತ್ತು. ಫೋನಿನಲ್ಲಿ ಕ್ಯೂಆರ್ ಕೋಡ್ ಇತ್ತು. ಬೆಂಗಳೂರಿನಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡು ಕೆಲಸಕ್ಕೆ ಬಂದಿದ್ದ ಗೆಳೆಯನೂ ಜೊತೆಗೆ ಬಂದ. ಕೋವಿಶೀಲ್ಡನ್ನು ಆಗಲೇ ಒಪ್ಪಿಕೊಂಡಿದ್ದ ದೇಶಗಳಲ್ಲಿ ಸ್ಲೊವೇನಿಯಾವೂ ಒಂದು. ಬಾಡಿಗೆ ಕಾರು, ಗಾಜಿಗೆ ಎರಡು ದೇಶದ ಟೋಲ್ ಸ್ಟಿಕರ್, ಸ್ಲೊವೇನಿಯಾದ್ದು ಆಗ ವಾರಕ್ಕೆ 15 ಯೂರೋ ಇತ್ತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಫಿಲ್ಲಾಖ್ ದಾಟಿ, ಸುಮಾರು ಎಂಟು ಕಿಲೋಮೀಟರಿನ ಕಾರವಾಂಕನ್ ಸುರಂಗ ಮುಗಿದರೆ ಸ್ಲೊವೇನಿಯಾ. ಪೊಲೀಸಿನವರು ಕೋಡ್ ನೋಡಿದರು, ಹಿಂದೆ ನಿದ್ದೆ ಮಾಡುತ್ತಿದ್ದ ಮಗಳನ್ನು ನೋಡಿದರು, ಹೋಗಿ ಅಂತ ಕೈ ಬೀಸಿದರು. ಎರಡು ನಿಮಿಷವೂ ಆಗಲಿಲ್ಲ. ವೆನಿಸ್‌ಗೆ ಹೊರಟ ಹಿಂದಿನ ರಾತ್ರಿ ನೆನಪಾಗಿ ಹೆಂಡತಿ ಉಸಿರು ಬಿಟ್ಟಳು.

ಬ್ಲೆಡ್ ದಾರಿಯಲ್ಲೇ ಸಿಗುತ್ತದೆ. ದ್ವೀಪದ ಚರ್ಚು, 99 ಮೆಟ್ಟಿಲು, ಕೆನೆ ತುಂಬಿದ ಕೇಕು. ಚೆನ್ನಾಗಿದೆ, ಅರ್ಧ ದಿನ ಸಾಕು. ಅಲ್ಲಿಂದ ಇನ್ನೂ ಅರ್ಧ ಗಂಟೆ ಒಳಗೆ ಹೋದರೆ ಬೋಹಿನ್. ಸುತ್ತ ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನ, ನಡುವೆ ನಾಲ್ಕು ಕಿಲೋಮೀಟರ್ ಉದ್ದದ ಕೆರೆ. ದಡದಲ್ಲಿ ಕಲ್ಲಿನ ಸೇತುವೆ, ಹಳೇ ಚರ್ಚು, ಅಷ್ಟೇ. ಜನ ಇದ್ದರು, ಆದರೆ ಕೆರೆ ಉದ್ದಕ್ಕೂ ಹಂಚಿಹೋಗಿದ್ದರು. ಮಗಳು ಬೆಳಿಗ್ಗೆ ನೀರಿಗಿಳಿದರೆ ಊಟಕ್ಕೆ ಕರೆಯುವವರೆಗೂ ಬರುತ್ತಿರಲಿಲ್ಲ. ಸ್ತುದೋರ್ ಎಂಬ ಹಳ್ಳಿಯ ಹೊಲದಲ್ಲಿ ಹುಲ್ಲು ಒಣಗಿಸುವ ಮರದ ಚಪ್ಪರಗಳ ಸಾಲಿದೆ. ಹೊಸದಾಗಿ ಕೊಯ್ದ ಹುಲ್ಲಿನ ವಾಸನೆಗೆ ನನಗೆ ಸೀದಾ ನಮ್ಮ ಕಣ ನೆನಪಾಯಿತು.

ಮೂರನೇ ದಿನ ಒಂದು ಹಳ್ಳಿ ಹೋಟೆಲಿನಲ್ಲಿ ಸಸ್ಯಾಹಾರ ಏನಿದೆ ಅಂತ ಕೇಳಿದೆವು. ಝ್ಗಾಂತ್ಸಿ ಇದೆ, ಮೇಲೆ ಹಾಕುವ ಹಂದಿ ಕೊಬ್ಬು ಬಿಟ್ಟು ಕೊಡುತ್ತೇನೆ ಅಂದರು ಒಡತಿ. ಬಂದದ್ದು ಬಕ್‌ವೀಟ್ ಹಿಟ್ಟಿನ ಅಡುಗೆ. ಉತ್ತರದವರು ಉಪವಾಸಕ್ಕೆ ತಿನ್ನುವ ಕುಟ್ಟು ಇದೆಯಲ್ಲ, ಅದೇ. ಕಂದು ಬಣ್ಣ, ಉಂಡೆ ಮುರಿದು ಉದುರಿಸಿದ ಹಾಗೆ, ಪಕ್ಕದಲ್ಲಿ ಒಂದು ಬಟ್ಟಲು ಹುಳಿ ಹಾಲು. ಮಾಡುವುದು ಹೇಗೆ ಅಂತ ಕೇಳಿದೆ. ಅವರು ಸೌಟಿನ ಹಿಡಿಯನ್ನು ಗಾಳಿಯಲ್ಲಿ ಚುಚ್ಚಿ ತೋರಿಸಿದರು. ಕುದಿಯುವ ಉಪ್ಪುನೀರಿಗೆ ಹಿಟ್ಟು ಸುರಿಯುವುದು, ಕದಡದೆ ನಡುವೆ ಒಂದು ತೂತು ಮಾಡುವುದು, ಆ ತೂತಿನಲ್ಲಿ ನೀರು ಉಕ್ಕುತ್ತ ಬೇಯಬೇಕು, ಆಮೇಲೆ ತೊಳಸುವುದು. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಎಸರು, ಕೋಲು, ತೂತು, ತೊಳಸುವುದು. ರಾಗಿ ಒಂದು ಬಿಟ್ಟರೆ ಎಲ್ಲ ಇತ್ತು.

ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ದೊಡ್ಡಪ್ಪ ಹೋದ ಮೇಲೆ ನಮ್ಮ ಮಾತೆಲ್ಲ ಔಷಧಿ, ಆಕ್ಸಿಜನ್, ಲಸಿಕೆ ಸುತ್ತಲೇ ಇತ್ತು. ಅವತ್ತು ಅಮ್ಮ ಫೋನನ್ನು ಹತ್ತಿರ ಹಿಡಿದು ತಟ್ಟೆ ನೋಡಿದರು. "ಮುದ್ದೆ ಕಟ್ಟೋದು ಬಿಟ್ಟು ಯಾಕೋ ಉದುರಿಸಿದ್ದಾರೆ? ಉಪ್ಸಾರು ಕೇಳು, ಕೊಡ್ತಾರಾ ನೋಡು" ಅಂದರು. ಆಮೇಲೆ ಇಪ್ಪತ್ತು ನಿಮಿಷ ಅಡುಗೆ ಮಾತೇ. ಮೂರು ತಿಂಗಳಲ್ಲಿ ಮೊದಲ ಸಲ ಕಾಯಿಲೆಯ ಹೆಸರು ಎತ್ತದೆ ಫೋನ್ ಇಟ್ಟೆವು.

ಅದಕ್ಕೇ ನನ್ನ ಪಟ್ಟಿಯಲ್ಲಿ ಬೋಹಿನ್ ಮೊದಲು. ಹೆಂಡತಿ ಒಪ್ಪುವುದಿಲ್ಲ. ಅಂಥ ವೆನಿಸ್ ಇನ್ನು ನಮ್ಮ ಜನ್ಮದಲ್ಲಿ ಸಿಗುವುದಿಲ್ಲ, ಬೋಹಿನ್ ಯಾವಾಗ ಬೇಕಾದರೂ ಹೋಗಬಹುದು ಅನ್ನುತ್ತಾಳೆ. ಅವಳ ಮಾತಲ್ಲೂ ಹುರುಳಿದೆ. ನೋಡುವುದಕ್ಕಾದರೆ ವೆನಿಸ್‌ನ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಮಗಳಿಗೆ ಮಾತ್ರ ಇವತ್ತಿಗೂ ಕೊಂಬಿನ ದೋಣಿಯೇ ಬೇಕು.

ಬರುವಾಗ ಒಂದು ಕಿಲೋ ಬಕ್‌ವೀಟ್ ಹಿಟ್ಟು ತಂದಿದ್ದೆವು. ಮ್ಯೂನಿಕ್‌ನಲ್ಲಿ ಅಮ್ಮ ಹೇಳಿದ ಹಾಗೆ ತೊಳಸಿ, ಕೈಗೆ ನೀರು ಹಚ್ಚಿಕೊಂಡು ಕಟ್ಟಿ ನೋಡಿದೆ. ಉಂಡೆ ನಿಂತಿತು.